ಟಚ್‌ಸ್ಕ್ರೀನಿನಲ್ಲಿ ಮಿಕ್ಸಿಂಗ್ ಮಾಡಿ ಭುಜ ನೋವು, ಏನಾದರೂ ದಾರಿ ಉಂಟಾ?

ಕೇಳಿದವರು, ಸುರತ್ಕಲ್:
ಮನೆಯಲ್ಲೇ ಸಣ್ಣ ಸ್ಟುಡಿಯೋ. ತುಳು ಆಲ್ಬಂ, ಭಜನೆ, ಕ್ರೈಸ್ತರ ಮದುವೆಯ ಮುಂಚಿನ ರೋಸ್ ಶಾಸ್ತ್ರಕ್ಕೆ ಕೊಂಕಣಿ ಹಾಡಿನ ಟ್ರ್ಯಾಕ್ ಮಾಡುತ್ತೇನೆ. ಈಗ 24 ಇಂಚಿನ ಟಚ್ ಮಾನಿಟರ್ ಹಾಕಿಕೊಂಡಿದ್ದೇನೆ, ಪಕ್ಕದಲ್ಲಿ ಐಪ್ಯಾಡ್. ಕೆಲಸ ಚಂದ ಆಗುತ್ತದೆ. ಆದರೆ ಸಂಜೆಯಾಗುವಾಗ ಬಲಭುಜ ಬಿಗಿದು ಕೈ ಎತ್ತಲಿಕ್ಕೇ ಆಗುವುದಿಲ್ಲ. ಮಾರಿ ಮೌಸ್‌ಗೆ ವಾಪಸ್ ಹೋಗುವುದಾ? ಬಳಸಿದವರು ಹೇಳಿ.

ಉಡುಪಿ, ಸ್ಟುಡಿಯೋ ಮಿಕ್ಸಿಂಗ್:
ಮಾರಬೇಡಿ ಮಾರಾಯ್ರೆ, ಮೊದಲು ಅದನ್ನು ಮಲಗಿಸಿ. ನೆಟ್ಟಗೆ ನಿಲ್ಲಿಸಿದ್ದೀರಿ ಅಲ್ವಾ? ಈ ನೋವಿಗೆ ಗೊರಿಲ್ಲಾ ಆರ್ಮ್ ಅಂತ ಹಳೇ ಹೆಸರೇ ಉಂಟು. ಟಚ್ ಪರದೆಯೂ ಹೊಸದಲ್ಲ, ಎಚ್‌ಪಿ-150 ಎಂಬ ಟಚ್ ಕಂಪ್ಯೂಟರ್ 1983ರಲ್ಲೇ ಬಂದಿತ್ತು. 2010ರಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಕೂಡ ನೆಟ್ಟಗಿನ ಪರದೆಗೆ ಟಚ್ ಒಗ್ಗುವುದಿಲ್ಲ, ಕೈ ಸೋಲುತ್ತದೆ ಎಂದೇ ಹೇಳಿದ್ದರು.

ಕಾರಣ ಸುಲಭ. ಮೌಸ್ ಹಿಡಿದಾಗ ಕೈ ಮೇಜಿನ ಮೇಲೆ ಇರುತ್ತದೆ. ನಿಜವಾದ ಫೇಡರ್ (ವಾಲ್ಯೂಮ್ ಏರಿಳಿಸಲು ಜಾರಿಸುವ ಗುಂಡಿ) ಮೇಲೆ ಬೆರಳಿಟ್ಟು ಹಾಡು ಕೇಳುತ್ತಾ ಕೂರಬಹುದು. ಗಾಜಿನ ಮೇಲೆ ಹಾಗೆ ಆಗುವುದಿಲ್ಲ, ಬೆರಳು ತಾಗಿದ ಕೂಡಲೇ ಏನೋ ಒಂದು ಬದಲಾಗುತ್ತದೆ. ಹಾಗಾಗಿ ಕೈ ಗಾಳಿಯಲ್ಲೇ ಕಾಯುತ್ತದೆ. ಅಲುಗಾಡದೆ ಬಿಗಿಹಿಡಿದ ಸ್ನಾಯುವಿಗೆ ರಕ್ತ ಸರಿಯಾಗಿ ಹೋಗುವುದಿಲ್ಲ. ನಡೆದಾಡಿದ ಕಾಲಿಗಿಂತ ಸುಮ್ನೆ ಎತ್ತಿ ಹಿಡಿದ ಕೈ ಬೇಗ ಸೋಲುವುದು ಅದಕ್ಕೇ.

ಪರದೆಯ ಕೆಳಅಂಚು ಹೊಟ್ಟೆಯ ಹತ್ತಿರ ಬರಲಿ. ಮೇಲಿನ ಅಂಚು ಎದ್ದು 20ರಿಂದ 30 ಡಿಗ್ರಿ ಇಳಿಜಾರು ಇದ್ದರೆ ಸಾಕು. ಮೊಣಕೈ ಪಕ್ಕೆಗೆ ಹತ್ತಿರ, ಮುಂಗೈ ಮೇಜಿನ ಮೇಲೆ. ಸ್ಟ್ಯಾಂಡ್‌ಗೆ ದುಡ್ಡು ಹಾಕುವ ಮೊದಲು ನಿಮ್ಮ ಮರದ ಕೆಲಸದ ಆಚಾರಿಗಳ ಹತ್ತಿರ ಒಂದು ಇಳಿಜಾರು ಹಲಗೆ ಮಾಡಿಸಿ ನೋಡಿ, ನಾನು ಹಾಗೇ ಮಾಡಿಸಿದ್ದು. ಪೂರ್ತಿ ಮಲಗಿಸಿದರೆ ಮಾತ್ರ ಕುತ್ತಿಗೆ ಹೋಗುತ್ತದೆ. ಹಳೇ ಮಾನಿಟರ್ ಇದ್ದರೆ ಕಣ್ಣಿನ ಎತ್ತರಕ್ಕೆ ಇಡಿ. ಅದು ನೋಡಲಿಕ್ಕೆ, ಟಚ್ ಪರದೆ ಕೈಗೆ.

ಇನ್ನೊಂದು, ಎಲ್ಲವನ್ನೂ ಟಚ್‌ನಲ್ಲೇ ಮಾಡಬೇಕು ಎಂಬ ಹಟ ಬಿಡಿ. ಟ್ರ್ಯಾಕ್ ಮ್ಯೂಟ್ ಮಾಡುವುದು, ಸೋಲೋ (ಅದೊಂದನ್ನೇ ಕೇಳುವುದು), ಪ್ಲಗಿನ್ (ಎಫೆಕ್ಟ್ ಸಾಫ್ಟ್‌ವೇರ್) ತೆರೆಯುವುದು, ಇಕ್ಯೂ (ಬಾಸ್, ಟ್ರೆಬಲ್ ಹೊಂದಿಸುವುದು) ಎಳೆಯುವುದು, ಇದಕ್ಕೆಲ್ಲ ಟಚ್ ಬೆಸ್ಟ್. ಹಾಡುಗಾರರ ವಾಲ್ಯೂಮ್ ಆಟೋಮೇಷನ್, ಅಂದರೆ ವಾಲ್ಯೂಮಿನ ಏರಿಳಿತವನ್ನು ಹಾಡಿನ ಉದ್ದಕ್ಕೂ ರೆಕಾರ್ಡ್ ಮಾಡಿಡುವುದು, ಟಚ್‌ನ ಕೆಲಸವೇ ಅಲ್ಲ. ಅದಕ್ಕೆ ಕೊರ್ಗ್ ನ್ಯಾನೋಕಂಟ್ರೋಲ್ 2 ತರಹದ ಸಣ್ಣ ಕಂಟ್ರೋಲರ್ ಸಾಕು, ಎಂಟು ಫೇಡರ್ ಉಂಟು. ಮೋಟಾರ್ ಇಲ್ಲ, ಹಾಗಾಗಿ ಬೇರೆ ಟ್ರ್ಯಾಕ್‌ಗೆ ಹೋದಾಗ ಫೇಡರ್ ತಾನಾಗಿ ಅಲ್ಲಿನ ಮಟ್ಟಕ್ಕೆ ಸರಿಯುವುದಿಲ್ಲ, ಮುಟ್ಟಿದ ಕೂಡಲೇ ವಾಲ್ಯೂಮ್ ಹಾರುತ್ತದೆ. ಸಾಫ್ಟ್‌ವೇರ್‌ನಲ್ಲಿ ಪಿಕಪ್ ಆಯ್ಕೆ (ಫೇಡರ್ ಈಗಿನ ಮಟ್ಟವನ್ನು ಮುಟ್ಟಿದ ಮೇಲೆಯೇ ವಾಲ್ಯೂಮ್ ಬದಲಾಗುವುದು) ಇದ್ದರೆ ಹಾಕಿಕೊಳ್ಳಿ.

ಮಂಗಳೂರು, ಲೈವ್ ಸೌಂಡ್:
ನಮ್ಮ ಕಥೆ ಬೇರೆ. ಡಿಜಿಟಲ್ ಮಿಕ್ಸರ್, ಟ್ಯಾಬ್ಲೆಟ್‌ನಲ್ಲಿ ಆಪ್. ಯಕ್ಷಗಾನ ಅಂದರೆ ರಾತ್ರಿಯಿಡೀ ನಿಂತು, ಎಡಗೈಯಲ್ಲಿ ಟ್ಯಾಬ್ ಹಿಡಿದು ಬಲಗೈಯಲ್ಲಿ ಚೆಂಡೆ ಇಳಿಸಿ ಭಾಗವತರನ್ನು ಏರಿಸುವುದು. ನೋವು ಬಂದದ್ದು ಹಿಡಿದ ಕೈಗೆ, ಅದರಲ್ಲೂ ಹೆಬ್ಬೆರಳಿಗೆ. ಮೈಕ್ ಸ್ಟ್ಯಾಂಡ್‌ಗೆ ಟ್ಯಾಬ್ಲೆಟ್ ಹೋಲ್ಡರ್ ಹಾಕಿ ಹೊಕ್ಕುಳಿನ ಎತ್ತರಕ್ಕೆ ನಿಲ್ಲಿಸಿದ ಮೇಲೆ ಆರಾಮ.

ನಮ್ಮೂರಿನ ಸೆಕೆಯನ್ನು ಯಾರೂ ಹೇಳಲಿಲ್ಲವಲ್ಲ! ಬೆವರಿದ ಬೆರಳು ಗಾಜಿಗೆ ಅಂಟುತ್ತದೆ, ಜಾರುವುದಿಲ್ಲ. ಆಗ ನಾವು ಇನ್ನೂ ಜೋರಾಗಿ ಒತ್ತುತ್ತೇವೆ. ಈ ಪರದೆಗೆ ಒತ್ತಡ ಬೇಕಾಗಿಯೇ ಇಲ್ಲ, ಬೆರಳು ತಾಗಿದರೆ ಸಾಕು. ಮ್ಯಾಟ್ ಸ್ಕ್ರೀನ್ ಗಾರ್ಡ್ ಹಾಕಿ. ಮೊಬೈಲ್ ಗೇಮ್ ಆಡುವ ಹುಡುಗರು ಬೆರಳಿಗೆ ಹಾಕುವ ಚೀಲ ಸಿಗುತ್ತದೆ, ಅದೂ ಒಳ್ಳೆಯದು. ನೋಡುವವರು ನಗುತ್ತಾರೆ, ನಗಲಿ.

ಕುಂದಾಪುರ, ಕೀಬೋರ್ಡ್ ನುಡಿಸುವವರು:
ಕಾಲು ಸುಮ್ನೆ ಕೂತಿರುತ್ತದಲ್ಲ, ಅದಕ್ಕೂ ಕೆಲಸ ಕೊಡಿ. ಕೀಬೋರ್ಡಿನ ಸಸ್ಟೇನ್ ಪೆಡಲ್ (ಕಾಲಲ್ಲಿ ಒತ್ತಿ ಸ್ವರ ಉಳಿಸುವುದು) ಕಂಪ್ಯೂಟರಿಗೆ ಕಳಿಸುವುದು ಮಿಡಿ ಸಿಸಿ 64 ಎಂಬ ಸಂದೇಶ. ರೆಕಾರ್ಡಿಂಗ್ ಸಾಫ್ಟ್‌ವೇರಿನ ಮಿಡಿ ಲರ್ನ್ ಆಯ್ಕೆಯಲ್ಲಿ ಅದನ್ನು ರೆಕಾರ್ಡ್ ಬಟನ್‌ಗೆ ಜೋಡಿಸಿ. ಕಾಲು ತೆಗೆದಾಗಲೂ ಸಂದೇಶ ಹೋಗುತ್ತದೆ, ಅದರಿಂದ ರೆಕಾರ್ಡಿಂಗ್ ನಿಲ್ಲುತ್ತದಾ ಎಂದು ಒಮ್ಮೆ ನೋಡಿಕೊಳ್ಳಿ. ಎಡಗೈಗೆ ಶಾರ್ಟ್‌ಕಟ್ ಕೀಗಳು. ಬಲಗೈ ಎತ್ತುವುದು ಅರ್ಧ ಕಡಿಮೆಯಾಗುತ್ತದೆ.

ಕೇಳಿದವರು, ಸುರತ್ಕಲ್:
ಎಲ್ಲರಿಗೂ ಥ್ಯಾಂಕ್ಸ್. ಮಲಗಿಸಿದೆ, ಭುಜ ಈಗಲೇ ಹಗುರ. ಆದರೆ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ. ಅದು ಇದರಿಂದಲೇ ಬಂದದ್ದಾ?

ಮಣಿಪಾಲ, ಫಿಸಿಯೋಥೆರಪಿಸ್ಟ್:
ಆ ಎರಡು ಬೆರಳಿನ ನರ ಮೊಣಕೈಯ ಒಳಬದಿಯಲ್ಲಿ ಚರ್ಮದ ಕೆಳಗೇ ಹಾದುಹೋಗುತ್ತದೆ. ಮೇಜಿನ ಗಟ್ಟಿ ಅಂಚಿಗೆ ಮೊಣಕೈ ಊರುತ್ತೀರಾ ಎಂದು ಮೊದಲು ನೋಡಿ. ಅಂಚಿಗೆ ಟವಲ್ ಮಡಚಿ ಹಾಕಿ, ಊರುವುದಾದರೆ ಮುಂಗೈ ಊರಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದು ಎಚ್ಚರವಾದರೆ ಅದು ಮಣಿಕಟ್ಟಿನ ನರದ್ದಿರಬಹುದು. ಜೋಮು ಹೋಗದಿದ್ದರೆ ಅಥವಾ ಕೈಯಿಂದ ವಸ್ತು ಜಾರತೊಡಗಿದರೆ ಮುಲಾಮು ಹಚ್ಚುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಕೆಲಸದ ನಡುವೆ ಒಂದು ಹಾಡು ಮುಗಿದಾಗಲೆಲ್ಲ ಕೈ ಇಳಿಬಿಟ್ಟು ಭುಜ ಹಿಂದಕ್ಕೆ ತಿರುಗಿಸಿ. ದಿನದ ಕೊನೆಗೆ ಒಮ್ಮೆಲೇ ಅರ್ಧ ಗಂಟೆ ವ್ಯಾಯಾಮ ಮಾಡುವುದಕ್ಕಿಂತ ಇದು ಜಾಸ್ತಿ ಉಪಯೋಗ.

ಉಡುಪಿ, ಸ್ಟುಡಿಯೋ ಮಿಕ್ಸಿಂಗ್:
ಮಾನಿಟರ್ ಮಲಗಿಸಿದವರು ಹಿಂದಿನ ಗಾಳಿತೂತು ಮುಚ್ಚಿದೆಯಾ ನೋಡಿ. ಹಲಗೆಗೆ ನಡುವೆ ಕಿಂಡಿ ಕೊರೆಸಿ. ಬಿಸಿಯೂ ಹೋಗುತ್ತದೆ, ಕೇಬಲ್‌ಗೂ ದಾರಿಯಾಗುತ್ತದೆ.