ಎಡ ಅಂಡಾಶಯದಲ್ಲಿ 7 ಸೆಂ.ಮೀ. ಡರ್ಮಾಯ್ಡ್ ಸಿಸ್ಟ್: ಅಂಡಾಶಯವನ್ನೇ ತೆಗೆಸಬೇಕೇ?

ವಿಜಯನಗರದ ಶಿಕ್ಷಕಿ ಕೇಳುತ್ತಾರೆ

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ, ಆರು ವರ್ಷದ ಮಗಳಿದ್ದಾಳೆ. ಎರಡು ತಿಂಗಳಿಂದ ಎಡಗಡೆಯ ಕಿಬ್ಬೊಟ್ಟೆಯಲ್ಲಿ ಏನೋ ಭಾರ ಜೋತುಬಿದ್ದಂತೆ ಅನ್ನಿಸುತ್ತಿತ್ತು. ಮುಟ್ಟಿನಲ್ಲಿ ಏರುಪೇರೇನೂ ಇರಲಿಲ್ಲವಾದ್ದರಿಂದ ದಿನವಿಡೀ ನಿಂತು ಪಾಠ ಮಾಡುವ ಆಯಾಸವೆಂದು ಸುಮ್ಮನಿದ್ದೆ. ಕಳೆದ ವಾರ ಸ್ಕ್ಯಾನ್ ಮಾಡಿಸಿದಾಗ ಎಡ ಅಂಡಾಶಯದಲ್ಲಿ 7.2 ಸೆಂ.ಮೀ. ಅಗಲದ ಸಿಸ್ಟ್ ಇದೆಯೆಂದೂ ಅದು ಡರ್ಮಾಯ್ಡ್ ಇರಬಹುದೆಂದೂ ವರದಿ ಬಂತು. ಅಂಡಾಶಯದ ಕ್ಯಾನ್ಸರಿನ ಸುಳಿವಿಗೆಂದು ಮಾಡಿಸುವ ಸಿಎ-125 ರಕ್ತಪರೀಕ್ಷೆಯಲ್ಲಿ 22 ಎಂದಿದೆ.

ಮನೆಯ ಹತ್ತಿರದ ನರ್ಸಿಂಗ್ ಹೋಮಿನ ವೈದ್ಯರು ವರದಿಯ ಮೇಲೆ ಕಣ್ಣಾಡಿಸಿ, "ಹೊಟ್ಟೆ ತೆರೆದು ಆ ಕಡೆಯ ಅಂಡಾಶಯವನ್ನೇ ತೆಗೆದುಬಿಡೋಣ, ಇನ್ನೊಂದು ಇದೆಯಲ್ಲ, ಹೇಗೂ ಒಂದು ಮಗು ಆಗಿದೆ" ಎಂದರು. ಜಯನಗರದಲ್ಲಿ ತೋರಿಸಿದ ಇನ್ನೊಬ್ಬರು, ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಯಲ್ಲಿ ಚಿಕ್ಕ ರಂಧ್ರಗಳನ್ನು ಮಾಡಿ ಕ್ಯಾಮೆರಾದ ನೆರವಿನಿಂದ, ಸಿಸ್ಟನ್ನು ಮಾತ್ರ ಬಿಡಿಸಿ ಅಂಡಾಶಯವನ್ನು ಉಳಿಸಲು ಪ್ರಯತ್ನಿಸುತ್ತೇನೆ ಎಂದರು. ನಮಗೆ ಇನ್ನೊಂದು ಮಗು ಬೇಕೆಂಬ ಆಸೆಯಿದೆ. "ಗಡ್ಡೆ" ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. ತುಮಕೂರಿನ ಕಡೆ ಗಡ್ಡೆ ಕರಗಿಸುವ ಔಷಧಿ ಕೊಡುವವರಿದ್ದಾರಂತೆ, ಮೊದಲು ಅಲ್ಲಿಗೆ ಹೋಗಿ ಬರೋಣ ಎನ್ನುತ್ತಿದ್ದಾರೆ.

ಯಾರ ಮಾತು ಕೇಳಲಿ? ಹತ್ತನೆಯ ತರಗತಿಯ ಪರೀಕ್ಷೆ ಮುಗಿದು ಏಪ್ರಿಲ್ ರಜೆ ಬರುವವರೆಗೆ, ಅಂದರೆ ಇನ್ನೂ ಹತ್ತು ವಾರ, ಕಾಯಬಹುದೇ?

ಬಸವನಗುಡಿಯ ನಿವೃತ್ತ ಶುಶ್ರೂಷಕಿ

ನಾನು ವೈದ್ಯೆಯಲ್ಲ. ಸರ್ಕಾರಿ ಹೆರಿಗೆ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಬಹುಕಾಲ ನಿಂತು ಕೆಲಸ ಮಾಡಿದವಳು. ಆ ಅನುಭವದ ಮಿತಿಯಲ್ಲಿ ಬರೆಯುತ್ತಿದ್ದೇನೆ.

ಸಿಸ್ಟ್ ಎಂಬ ಒಂದೇ ಹೆಸರಿನಡಿ ನಾಲ್ಕೈದು ಬೇರೆ ಬೇರೆ ಕಾಯಿಲೆಗಳನ್ನು ತುಂಬಿರುವುದರಿಂದಲೇ ಇಷ್ಟೆಲ್ಲ ಗೊಂದಲ. ಪ್ರತಿ ತಿಂಗಳು ಅಂಡಾಣು ಬಿಡುಗಡೆಯಾಗುವ ಕೋಶದಲ್ಲಿ ನೀರು ತುಂಬಿ ಉಬ್ಬುವುದು ಒಂದು ಬಗೆ. ಅದು ಎರಡು ಮೂರು ಮುಟ್ಟು ಕಳೆಯುವುದರೊಳಗೆ ಸಾಮಾನ್ಯವಾಗಿ ತಾನಾಗಿಯೇ ಇಂಗಿಹೋಗುತ್ತದೆ. ಕರಗಿಸುವ ಔಷಧಿಗಳಿಗೆಲ್ಲ ಹೆಸರು ಬಂದಿರುವುದು ಹೀಗೆ ತಾನಾಗಿ ಹೋದ ಗುಳ್ಳೆಗಳಿಂದ. ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಿಂದ ಹಳೆಯ ರಕ್ತ ಕಟ್ಟಿಕೊಂಡು ಆಗುವ ಚಾಕೊಲೇಟ್ ಸಿಸ್ಟ್ ಇನ್ನೊಂದು ಬಗೆ. ಹಾರ್ಮೋನುಗಳ ಏರುಪೇರಿನ ತೊಂದರೆಯಾದ ಪಿಸಿಓಎಸ್ ಎನ್ನುವುದು ಇವೆರಡೂ ಅಲ್ಲ, ಅಲ್ಲಿ ಕಾಣುವುದು ಸಾಸಿವೆ ಚೆಲ್ಲಿದಂತೆ ಹರಡಿದ ಪುಟ್ಟ ಪುಟ್ಟ ಕೋಶಗಳು, ಅವುಗಳನ್ನು ಕೊಯ್ದು ತೆಗೆಯುವ ಪ್ರಶ್ನೆಯೇ ಇಲ್ಲ.

ನಿಮ್ಮದು ಡರ್ಮಾಯ್ಡ್. ಅಂಡಾಣುವಾಗಬೇಕಿದ್ದ ಮೂಲಕೋಶವೇ ದಾರಿ ತಪ್ಪಿ ಬೆಳೆದು ಇದಾಗುತ್ತದೆ. ಅದಕ್ಕೇ ಒಳಗೆ ಕೂದಲು, ಬೆಣ್ಣೆಯಂಥ ಜಿಡ್ಡು, ಕೆಲವೊಮ್ಮೆ ಹಲ್ಲು ಕೂಡ ಇರುತ್ತದೆ. ಥಿಯೇಟರಿನ ಟ್ರೇಯಲ್ಲಿ ಮೊದಲ ಸಲ ಕೂದಲ ಉಂಡೆಯನ್ನು ಕಂಡಾಗ ನಾನೇ ಹೆದರಿದ್ದೆ. ತಿಂದದ್ದರಿಂದಲೋ ಯಾರ ದೃಷ್ಟಿಯಿಂದಲೋ ಬಂದದ್ದಲ್ಲ ಎಂದು ನಿಮ್ಮ ತಾಯಿಯವರಿಗೆ ಹೇಳಿ. ಈ ವಯಸ್ಸಿನಲ್ಲಿ ಅದು ಕ್ಯಾನ್ಸರ್ ಆಗಿರುವುದು ಬಹಳ ಅಪರೂಪ ಎಂಬುದನ್ನೂ ಹೇಳಿ. ಕೂದಲನ್ನೂ ಹಲ್ಲನ್ನೂ ಕರಗಿಸುವ ಕಷಾಯ ಮಾತ್ರ ಎಲ್ಲಿಯೂ ಇಲ್ಲ. ಸಿಎ-125 ಸಾಮಾನ್ಯವಾಗಿ 35ರ ಒಳಗಿರಬೇಕು, ನಿಮ್ಮದು ಒಳಗೇ ಇದೆ. ಆದರೆ ಆ ಪರೀಕ್ಷೆಯ ಮೇಲೆ ಅತಿಯಾದ ಭರವಸೆಯೂ ಬೇಡ, ಭಯವೂ ಬೇಡ. ಮುಟ್ಟಿನ ದಿನಗಳಲ್ಲಿ, ಎಂಡೊಮೆಟ್ರಿಯೋಸಿಸ್ ಇದ್ದರೆ, ಹೊಟ್ಟೆಯೊಳಗಿನ ಕ್ಷಯರೋಗದಲ್ಲಿ ಕೂಡ ಅದು ಏರುತ್ತದೆ.

ಕಾಯುವ ವಿಚಾರ: ಡರ್ಮಾಯ್ಡ್ ಬಹಳ ನಿಧಾನವಾಗಿ ಬೆಳೆಯುವಂಥದ್ದು, ಹತ್ತು ವಾರದಲ್ಲಿ ಅದರ ಗಾತ್ರ ಹೆಚ್ಚೇನೂ ಬದಲಾಗದು. ನಿಜವಾದ ಅಪಾಯ ಬೇರೆ. ಭಾರವಾದ ಸಿಸ್ಟಿರುವ ಅಂಡಾಶಯ ತನ್ನ ತೊಟ್ಟಿನ ಸುತ್ತ ತಿರುಚಿಕೊಂಡರೆ ರಕ್ತ ಸಂಚಾರ ನಿಂತುಹೋಗುತ್ತದೆ. ಇದ್ದಕ್ಕಿದ್ದಂತೆ ಒಂದೇ ಪಕ್ಕದಲ್ಲಿ ಸಹಿಸಲಾಗದ ನೋವು ಬಂದು, ಜೊತೆಗೆ ವಾಂತಿಯೂ ಆದರೆ ಅದು ಅಸಿಡಿಟಿಯಿರಬಹುದೆಂದು ಜೀರಿಗೆ ನೀರು ಕುಡಿದು ಮಲಗಬಾರದು, ನೋವು ಬಂದು ಬಂದು ಹೋಗುತ್ತಿದ್ದರೂ ಉಪೇಕ್ಷೆ ಕೂಡದು. ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆದರೆ ಅಂಡಾಶಯ ಉಳಿಯುವ ಸಾಧ್ಯತೆ ಹೆಚ್ಚು. ಹಾಗಾಗಿ ರಜೆಗೆ ಕಾಯಬಹುದೇ ಎಂಬುದನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರೇ ಹೇಳಬೇಕು. ಕಾಯುವುದಾದರೆ ರಾತ್ರಿಯೂ ಲ್ಯಾಪ್ರೋಸ್ಕೋಪಿ ಮಾಡುವ, ನಿಮ್ಮ ಮನೆಗೆ ತೀರ ಹತ್ತಿರದ ಆಸ್ಪತ್ರೆ ಯಾವುದೆಂದು ಇಂದೇ ಫೋನ್ ಮಾಡಿ ತಿಳಿದುಕೊಳ್ಳಿ. ಸಂಜೆ ಆರು ಗಂಟೆಗೆ ವಿಜಯನಗರದಿಂದ ಜಯನಗರ ತಲುಪುವುದು ಎಂದರೇನೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಆರ್.ಟಿ. ನಗರದ ಗೃಹಿಣಿ

ನನಗೂ 4 ಸೆಂ.ಮೀ. ಸಿಸ್ಟ್ ಇತ್ತು. ಆಪರೇಷನ್ ಎಂದಿದ್ದರು. ಮೂರು ತಿಂಗಳು ಪಥ್ಯ ಮಾಡಿ, ಅಗಸೆಬೀಜ ತಿಂದು, ಮತ್ತೆ ಸ್ಕ್ಯಾನ್ ಮಾಡಿಸಿದರೆ ಏನೂ ಇರಲಿಲ್ಲ. ಅವಸರ ಮಾಡಬೇಡಿ ಎಂಬುದಷ್ಟೇ ನನ್ನ ಸಲಹೆ.

ಬಸವನಗುಡಿಯ ನಿವೃತ್ತ ಶುಶ್ರೂಷಕಿ

ನಿಮಗೆ ಒಳ್ಳೆಯದಾದದ್ದು ಸಂತೋಷ. ಆದರೆ ನಿಮ್ಮದು ನಾನು ಮೊದಲು ಹೇಳಿದ ನೀರಿನ ಗುಳ್ಳೆಯಾಗಿದ್ದಿರಬೇಕು, ಅಗಸೆಬೀಜ ತಿನ್ನದಿದ್ದರೂ ಹೋಗುತ್ತಿತ್ತು. ಇನ್ನೂ ಮುಟ್ಟು ನಿಲ್ಲದವರಲ್ಲಿ 5 ಸೆಂ.ಮೀ.ಗಿಂತ ಚಿಕ್ಕದಾದ, ಬರೀ ನೀರಿರುವ ಸಿಸ್ಟಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಆ ಲೆಕ್ಕವನ್ನು 7 ಸೆಂ.ಮೀ. ಡರ್ಮಾಯ್ಡಿಗೆ ಹಚ್ಚಬಾರದು.

ಮಲ್ಲೇಶ್ವರದ ಓದುಗರು

ಮೂರು ವರ್ಷದ ಹಿಂದೆ ನಿಮ್ಮ ಸ್ಥಿತಿಯಲ್ಲೇ ನಾನಿದ್ದೆ. ಬಲಗಡೆ, 8 ಸೆಂ.ಮೀ., ಡರ್ಮಾಯ್ಡ್. ಆಗ ನನಗೆ 31. ಲ್ಯಾಪ್ರೋಸ್ಕೋಪಿಯಲ್ಲಿ ಸಿಸ್ಟನ್ನು ಮಾತ್ರ ತೆಗೆದರು, ಅಂಡಾಶಯ ಉಳಿಯಿತು.

ಕೇಳಬೇಕಾದ ಪ್ರಶ್ನೆಗಳನ್ನು ನಾನು ತಡವಾಗಿ ಕಲಿತೆ, ನೀವು ಮೊದಲೇ ಕೇಳಿಬಿಡಿ. ಈ ವೈದ್ಯರು ಡರ್ಮಾಯ್ಡನ್ನು ಲ್ಯಾಪ್ರೋಸ್ಕೋಪಿಯಲ್ಲಿ ಆಗಾಗ ತೆಗೆಯುತ್ತಾರೆಯೇ ಅಥವಾ ಎಂದೋ ಒಮ್ಮೆಯೋ? ಸಿಸ್ಟನ್ನು ಚೀಲದೊಳಗೆ ಹಾಕಿ ಹೊರತೆಗೆಯುತ್ತಾರೆಯೇ? ಒಳಗಿನ ಜಿಡ್ಡು ಹೊಟ್ಟೆಯಲ್ಲಿ ಚೆಲ್ಲಿದರೆ ಉರಿಯೂತವಾಗಬಹುದು, ಚೆಲ್ಲಿದರೂ ಚೆನ್ನಾಗಿ ತೊಳೆಯುತ್ತಾರೆ ಎಂಬುದು ಸಮಾಧಾನ. ಇನ್ನೊಂದು ಅಂಡಾಶಯವನ್ನೂ ನೋಡುತ್ತಾರೆಯೇ? ಡರ್ಮಾಯ್ಡ್ ಸುಮಾರು ಹತ್ತರಲ್ಲಿ ಒಬ್ಬರಿಗೆ ಎರಡೂ ಕಡೆ ಇರುತ್ತದೆಯಂತೆ. "ಇನ್ನೊಂದು ಇದೆಯಲ್ಲ" ಎಂದ ನಿಮ್ಮ ಮೊದಲ ವೈದ್ಯರ ಮಾತು ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ. ಮಗು ಬೇಕೆಂದಿರುವುದರಿಂದ ಶಸ್ತ್ರಚಿಕಿತ್ಸೆಗೆ ಮೊದಲು ಎಎಂಎಚ್ ಪರೀಕ್ಷೆ ಮಾಡಿಸಬೇಕೇ ಎಂದೂ ವಿಚಾರಿಸಿ, ಅಂಡಾಶಯದಲ್ಲಿ ಅಂಡಾಣುಗಳ ಸಂಗ್ರಹ ಎಷ್ಟು ಉಳಿದಿದೆ ಎಂಬ ಅಂದಾಜು ಅದರಿಂದ ಸಿಗುತ್ತದೆ.

ಇನ್ನು ಒಪ್ಪಿಗೆ ಪತ್ರ. ಹಿಂದಿನ ರಾತ್ರಿ ಒಂಬತ್ತೂವರೆಗೆ, ನಾನು ಹಸಿರು ಗೌನಿನ ದಾರ ಕಟ್ಟಿಕೊಳ್ಳುತ್ತಿದ್ದಾಗ, ಐದು ಪುಟದ ಇಂಗ್ಲಿಷ್ ನಮೂನೆ ತಂದು ಇಂಟು ಗುರುತಿದ್ದ ಕಡೆಯೆಲ್ಲ ಸಹಿ ಮಾಡಿ ಎಂದರು. ಮೂರನೆಯ ಪುಟದಲ್ಲಿ ಸಿಸ್ಟ್ ತೆಗೆಯುವುದರ ಜೊತೆಗೆ "ಅಂಡಾಶಯ, ಅಂಡನಾಳ, ಗರ್ಭಕೋಶ" ಎಂದು ಮೊದಲೇ ಅಚ್ಚಾಗಿತ್ತು. ಇದೇಕೆ ಎಂದು ಕೇಳಿದರೆ "ಎಲ್ಲರಿಗೂ ಇದೇ ಫಾರ್ಮ್ ಮೇಡಂ" ಎಂದರು. ಸಹಿ ಮಾಡದೆ ಕುಳಿತೆ. ಹತ್ತೂಕಾಲಿಗೆ ವೈದ್ಯರೇ ಬಂದು, ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ತಮ್ಮ ಸಹಿ ಹಾಕಿದರು. ಬೇಸರಪಟ್ಟುಕೊಂಡಂತೆಯೂ ಕಾಣಲಿಲ್ಲ.

ಎಚ್ಚರವಾದ ಮೇಲೆ ಹೊಟ್ಟೆಗಿಂತ ಹೆಚ್ಚು ನೋಯುತ್ತಿದ್ದದ್ದು ಬಲ ಭುಜ. ಅತ್ತೆಯವರು "ವಾಯು ಕಣೇ" ಎಂದಾಗ ನಾನು ಮನಸ್ಸಿನಲ್ಲೇ ನಕ್ಕಿದ್ದೆ. ವಿಚಾರಿಸಿದರೆ ಅದು ನಿಜಕ್ಕೂ ವಾಯುವೇ! ಒಳಗೆ ಕಾಣಲೆಂದು ಹೊಟ್ಟೆಗೆ ತುಂಬಿದ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಉಳಿದು ವಪೆಯನ್ನು ಕೆಣಕುತ್ತದೆ, ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಎದ್ದು ನಾಲ್ಕು ಹೆಜ್ಜೆ ಓಡಾಡಿದಂತೆ ಎರಡು ದಿನದಲ್ಲಿ ಹೋಯಿತು. ಮನೆಗೆ ಹೋಗುವಾಗ ಆಟೋ ಬೇಡ, ಕಾರಿನಲ್ಲಿ ಹೋಗಿ, ಹೊಟ್ಟೆಗೂ ಸೀಟ್ ಬೆಲ್ಟಿಗೂ ನಡುವೆ ಒಂದು ಚಿಕ್ಕ ದಿಂಬು ಇಟ್ಟುಕೊಳ್ಳಿ. ಸಂಪಿಗೆ ರಸ್ತೆಯಿಂದ ನಮ್ಮ ಮನೆಗೆ ಏಳು ಹಂಪುಗಳಿವೆ ಎಂದು ನಾನು ಎಣಿಸಿದ್ದು ಅಂದೇ. ಎರಡು ವಾರಕ್ಕೆ ಕೆಲಸಕ್ಕೆ ಹೋದೆ. ನೀರಿನ ಬಕೆಟ್ ಎತ್ತಲು ಮಾತ್ರ ಆರು ವಾರ ಬಿಡಲಿಲ್ಲ.

ರಾಜಾಜಿನಗರದ ವಕೀಲೆ

ಒಪ್ಪಿಗೆ ಪತ್ರದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದೇ ವಿಷಯದಲ್ಲಿ ತೀರ್ಪು ಕೊಟ್ಟಿದೆ. ಪರೀಕ್ಷೆಗೆಂದು ಲ್ಯಾಪ್ರೋಸ್ಕೋಪಿಗೆ ಒಪ್ಪಿದ್ದ ಮಹಿಳೆ ಅರಿವಳಿಕೆಯಲ್ಲಿದ್ದಾಗ, ಹೊರಗೆ ಕುಳಿತಿದ್ದ ಆಕೆಯ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಗಿತ್ತು. ವಯಸ್ಕಳಾದ, ಬುದ್ಧಿ ಸ್ವಾಧೀನದಲ್ಲಿರುವ ಹೆಣ್ಣಿನ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಸಲ್ಲದು, ಜೀವ ಅಥವಾ ಆರೋಗ್ಯ ಉಳಿಸಲು ತಕ್ಷಣವೇ ಅನಿವಾರ್ಯವಾದ ಹೊರತು ಒಂದಕ್ಕೆ ಕೊಟ್ಟ ಒಪ್ಪಿಗೆಯನ್ನು ಇನ್ನೊಂದಕ್ಕೆ ವಿಸ್ತರಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಹಾಗೆಂದು ಎಲ್ಲವನ್ನೂ ನಿರಾಕರಿಸಿಯೂ ಬರೆಯಬೇಡಿ. ರಕ್ತಸ್ರಾವ ನಿಲ್ಲದಿದ್ದರೆ ಏನು, ಕ್ಯಾನ್ಸರ್ ಅನುಮಾನ ಬಂದರೆ ಏನು ಎಂಬುದನ್ನು ವೈದ್ಯರೊಂದಿಗೆ ಮೊದಲೇ ಕುಳಿತು ಮಾತಾಡಿ, ತೀರ್ಮಾನವನ್ನು ಬರೆಸಿ.

ನಾಗರಭಾವಿಯಿಂದ

ಹಣದ ವಿಚಾರವನ್ನು ಯಾರೂ ಎತ್ತಲಿಲ್ಲ. ಸ್ವಂತ ಆರೋಗ್ಯ ವಿಮೆಯಾದರೆ ಸಿಸ್ಟ್ ಚಿಕಿತ್ಸೆಗೆ ಸಾಮಾನ್ಯವಾಗಿ ಎರಡು ವರ್ಷದ ಕಾಯುವ ಅವಧಿ ಇರುತ್ತದೆ, ಪಾಲಿಸಿ ತೆಗೆದು ನೋಡಿ. ಪತಿಯ ಕಂಪನಿಯ ಗುಂಪು ವಿಮೆಯಿದ್ದರೆ ಅನೇಕ ಕಡೆ ಆ ಅವಧಿ ಇರುವುದಿಲ್ಲ. ಕೊಠಡಿ ಬಾಡಿಗೆಯ ಮಿತಿ ಮೀರಿದ ಕೋಣೆ ತೆಗೆದುಕೊಂಡರೆ ಬರೀ ಬಾಡಿಗೆಯಲ್ಲ, ಉಳಿದ ಬಿಲ್ಲಿನಲ್ಲೂ ಅದೇ ಪ್ರಮಾಣದಲ್ಲಿ ಕಡಿತವಾಗಬಹುದು, ನಮ್ಮ ಮನೆಯವರ ಶಸ್ತ್ರಚಿಕಿತ್ಸೆಯಲ್ಲಿ ನಾವು ಬಿದ್ದದ್ದು ಆ ಗುಂಡಿಗೇ. ಇದನ್ನು ಓದುವ ಬಿಪಿಎಲ್ ಕುಟುಂಬದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಿದೆ, ಮೊದಲು ವಾಣಿವಿಲಾಸದಂಥ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ವಿಚಾರಿಸಬೇಕು.

ವಿಜಯನಗರದ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮಲ್ಲೇಶ್ವರದವರ ಪ್ರಶ್ನೆಗಳನ್ನೆಲ್ಲ ಬರೆದುಕೊಂಡು ಜಯನಗರದ ವೈದ್ಯರ ಬಳಿ ಹೋಗಿದ್ದೆ. ಅವರು ಅವಸರವಿಲ್ಲದೆ ಉತ್ತರಿಸಿದರು. ಚೀಲ ಬಳಸುತ್ತಾರೆ, ಇನ್ನೊಂದು ಕಡೆಯನ್ನೂ ನೋಡುತ್ತಾರೆ, ಸಿಸ್ಟ್ ಅಂಡಾಶಯಕ್ಕೆ ತೀರ ಅಂಟಿಕೊಂಡಿದ್ದರೆ ಮಾತ್ರ ಮಾತು ಬೇರೆಯಾಗಬಹುದು ಎಂದೂ ಮುಚ್ಚಿಡದೆ ಹೇಳಿದರು. ಈಗಾಗಲೇ ಭಾರ ಅನ್ನಿಸುತ್ತಿರುವುದರಿಂದ ಏಪ್ರಿಲ್‌ವರೆಗೆ ಎಳೆಯುವುದು ಬೇಡವೆಂದದ್ದರಿಂದ ಮುಂದಿನ ತಿಂಗಳ ಎರಡನೆಯ ವಾರ ಗೊತ್ತಾಗಿದೆ. ತ್ರಿಕೋನಮಿತಿಯ ಪುನರಾವರ್ತನೆಯನ್ನು ಸಹೋದ್ಯೋಗಿಯೊಬ್ಬರು ವಹಿಸಿಕೊಂಡಿದ್ದಾರೆ.

ಒಪ್ಪಿಗೆ ಪತ್ರವನ್ನು ಮೊದಲೇ ಮನೆಗೆ ತಂದಿದ್ದೇನೆ. ಅಮ್ಮನಿಗೆ ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಕೂದಲಿನ ವಿಷಯ ಕೇಳಿ ಮೂಗಿನ ಮೇಲೆ ಬೆರಳಿಟ್ಟವರು, ಸ್ವಲ್ಪ ಹೊತ್ತಿನ ಮೇಲೆ, "ಹಲ್ಲೂ ಇದ್ದರೆ ತೋರಿಸುತ್ತಾರೇನೇ?" ಎಂದು ಕೇಳಿದರು. ರಾತ್ರಿ ಎರಡು ಚಪಾತಿ ತಿಂದರು.