ಪಾಪ ಅರಿಕೆ ಮಾಡಿಯೂ ಮನಸ್ಸು ಹಗುರಾಗದಿದ್ದರೆ: ಒಂದು ಪ್ರಶ್ನೆ, ಕೆಲವು ಉತ್ತರಗಳು

ಪ್ರಶ್ನೆ: ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ದೀಕ್ಷಾಸ್ನಾನವಾಗಿ ವರ್ಷಗಳೇ ಆಗಿವೆ, ಆರಾಧನೆ ತಪ್ಪಿಸುವುದಿಲ್ಲ. ಆದರೂ ಎಲ್ಲೋ ನಿಂತುಬಿಟ್ಟ ಹಾಗಿದೆ. ಹಿಂದೆ ಮಾಡಿದ ಒಂದು ಪಾಪವನ್ನು ಎಷ್ಟು ಸಲ ಅರಿಕೆ ಮಾಡಿದರೂ ಮನಸ್ಸು ಚುಚ್ಚುತ್ತದೆ. ಆಸ್ತಿ ಪಾಲಿನಲ್ಲಿ ಮೋಸ ಮಾಡಿದ ಅಣ್ಣನನ್ನು ಕ್ಷಮಿಸಲು ಆಗುತ್ತಿಲ್ಲ. ಪ್ರಾರ್ಥನೆ ಒಣಗಿದೆ. ಒಬ್ಬರು ಉಪವಾಸ ಮಾಡು ಎನ್ನುತ್ತಾರೆ, ಇನ್ನೊಬ್ಬರು ಪೂರ್ವಿಕರ ಶಾಪ ಎನ್ನುತ್ತಾರೆ. ತಿಳಿದವರು ದಾರಿ ಹೇಳಿ.

ಸಭಾಪಾಲಕರೊಬ್ಬರ ಉತ್ತರ:
ಸಿಸ್ಟರ್, ಇಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಮೂರಕ್ಕೂ ಒಂದೇ ಮದ್ದು ಹಾಕಲು ಹೋದರೆ ಯಾವುದೂ ವಾಸಿಯಾಗುವುದಿಲ್ಲ.

ಮೊದಲು ಆ ಹಳೆಯ ಪಾಪ. ಪವಿತ್ರಾತ್ಮನು ತೋರಿಸುವ ಪಾಪಕ್ಕೆ ಹೆಸರಿರುತ್ತದೆ, ಮುಂದಿನ ಹೆಜ್ಜೆಯೂ ಇರುತ್ತದೆ: ಇಂಥವರಿಗೆ ಸುಳ್ಳು ಹೇಳಿದೆ, ಹೋಗಿ ಸರಿಮಾಡು. "ನೀನು ಯಾವುದಕ್ಕೂ ಯೋಗ್ಯಳಲ್ಲ" ಎಂದಷ್ಟೇ ಹೇಳಿ ಸುಮ್ಮನಾಗುವ ದನಿ ದೂರು ಹೇಳುವವನದು, ಅಂದರೆ ಸೈತಾನನದು (ಪ್ರಕಟನೆ 12:10). ಒಂದು ಹಾಳೆಯಲ್ಲಿ ಆ ಪಾಪವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಕೆಳಗೆ ಮೂರು ಪ್ರಶ್ನೆ: ದೇವರ ಮುಂದೆ ಅರಿಕೆ ಮಾಡಿದ್ದೇನೆಯೇ? ಬಿಟ್ಟಿದ್ದೇನೆಯೇ? ಯಾರಿಗಾದರೂ ಹಿಂದಿರುಗಿಸಬೇಕಾದದ್ದು ಉಳಿದಿದೆಯೇ? ಹೆಚ್ಚಿನವರು ಮೂರನೆಯದನ್ನು ಬಿಟ್ಟು ಮೊದಲನೆಯದನ್ನೇ ನೂರು ಸಲ ಮಾಡುತ್ತಾರೆ, ಅದಕ್ಕೇ ಚುಚ್ಚುವುದು ನಿಲ್ಲುವುದಿಲ್ಲ. ಹಣದ ವಿಷಯವಾದರೆ ಯಾಜಕಕಾಂಡ 6ರಲ್ಲಿ ಲೆಕ್ಕವೇ ಇದೆ: ಅಸಲು, ಅದರ ಮೇಲೆ ಐದನೇ ಒಂದು ಭಾಗ. 10,000 ರೂಪಾಯಿಗೆ 12,000. ಯೇಸುವನ್ನು ಕಂಡು ಬದಲಾದ ಸುಂಕದವನು ಜಕ್ಕಾಯನಂತೂ ನಾಲ್ಕರಷ್ಟು ಕೊಡುತ್ತೇನೆಂದ. ಆದರೆ ನೀವು ಹೋಗಿ ಹೇಳುವುದರಿಂದ ಏನೂ ಅರಿಯದ ಮೂರನೆಯವರ ಸಂಸಾರ ಒಡೆಯುವಂತಿದ್ದರೆ, ಹೆಜ್ಜೆ ಇಡುವ ಮೊದಲು ನಿಮ್ಮ ಸಭಾಪಾಲಕರ ಜೊತೆ ಕೂತು ಮಾತಾಡಿ.

ಆ ಮೂರು ಪ್ರಶ್ನೆಗೂ ಉತ್ತರ ಸಿಕ್ಕಿದ ಮೇಲೆ, ಪಾಪ ಅರಿಕೆ ಮಾಡಿದರೆ ದೇವರು ಕ್ಷಮಿಸುತ್ತಾನೆ ಎನ್ನುವ 1 ಯೋಹಾನ 1:9 ಬರೆದು ದಿನಾಂಕ ಹಾಕಿ. ಆಮೇಲೆ ಆ ಪಾಪವನ್ನು ಮತ್ತೆ ಅರಿಕೆ ಮಾಡಬೇಡಿ. ನೆನಪು ಬಂದರೆ ಸ್ತೋತ್ರ ಹೇಳಿ ಮುಂದೆ ಹೋಗಿ.

ಕಥೋಲಿಕ ಆಪ್ತಸಲಹೆಗಾರ್ತಿಯೊಬ್ಬರ ಉತ್ತರ:
ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ. ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ 1522ರಲ್ಲಿ ಸ್ಪೇನಿನ ಮೊನ್ಸೆರಾತ್‌ನಲ್ಲಿ ಮೂರು ದಿನ ಹಿಡಿದು ಬರೆದು, ಗುರುಗಳ ಮುಂದೆ ಪಾಪನಿವೇದನೆ ಮಾಡಿದರು. ಆಮೇಲೂ ಹತ್ತಿರದ ಮನ್ರೇಸಾ ಊರಿನಲ್ಲಿ "ಏನೋ ಬಿಟ್ಟುಹೋಯಿತು" ಎಂಬ ಸಂಶಯ ಅವರನ್ನು ತಿಂಗಳುಗಟ್ಟಲೆ ಹಿಂಡಿತು. ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲ ಎಂದು ತೀರ್ಮಾನಿಸಿದ ಮೇಲೆಯೇ ಬಿಡುಗಡೆ. ಪ್ರತಿ ಹೊಸ ನಿವೇದನೆ ಸ್ವಲ್ಪ ಹೊತ್ತು ಸಮಾಧಾನ ಕೊಡುತ್ತದೆ. ಆ ಸಮಾಧಾನಕ್ಕಾಗಿ ಮನಸ್ಸು ಇನ್ನೊಂದು ಸಂಶಯ ಹುಟ್ಟಿಸುತ್ತದೆ. ಆದ್ದರಿಂದ ಒಬ್ಬರೇ ಗುರುಗಳ ಬಳಿ ಹೋಗಿ, ಊರೂರು ಬದಲಿಸಬೇಡಿ. ಪ್ರಾರ್ಥನೆಯ ಒಂದು ಪದ ತಪ್ಪಿತೆಂದು ಮೊದಲಿಂದ ಶುರುಮಾಡುವುದು, ದೇವದೂಷಣೆಯ ಯೋಚನೆ ಬೇಡವೆಂದರೂ ನುಗ್ಗುವುದು, ಕೈ ತೊಳೆದದ್ದೇ ತೊಳೆಯುವುದು ಇದ್ದರೆ ಅದು ಒಸಿಡಿ (ಬೇಡದ ಯೋಚನೆ, ಮಾಡಿದ್ದನ್ನೇ ಮಾಡುವ ಗೀಳಿನ ಕಾಯಿಲೆ) ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ಕ್ಲಿನಿಕ್ ಇದೆ. ದೂರದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ಮಾತ್ರೆ ತೆಗೆದುಕೊಳ್ಳುವುದು ಅವಿಶ್ವಾಸವಲ್ಲ.

ಸಭೆಯ ಹಿರಿಯರೊಬ್ಬರ ಉತ್ತರ:
ಅಣ್ಣನ ವಿಷಯಕ್ಕೆ ಬರುತ್ತೇನಮ್ಮ. ಮತ್ತಾಯ 18ರ ಸಾಮ್ಯ ಓದಿ, ಆದರೆ ಲೆಕ್ಕ ಹಾಕಿ ಓದಿ. ಅರಸನು ಒಬ್ಬ ಆಳಿನ ಸಾಲ ಮನ್ನಾ ಮಾಡುತ್ತಾನೆ, ಆ ಆಳು ಮಾತ್ರ ತನ್ನ ಜೊತೆಯ ಆಳಿನ ಸಾಲ ಬಿಡುವುದಿಲ್ಲ. ಆ ಕಾಲದ ಒಂದು ಬೆಳ್ಳಿ ನಾಣ್ಯ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು 6,000 ನಾಣ್ಯ. ಅರಸನು ಬಿಟ್ಟ 10,000 ತಲಾಂತು ಎಂದರೆ ಆರು ಕೋಟಿ ದಿನಗಳ ಕೂಲಿ. ಜೊತೆಯ ಆಳು ಕೊಡಬೇಕಿದ್ದದ್ದು 100 ದಿನದ್ದು. ದಿನಕ್ಕೆ 500 ರೂಪಾಯಿ ಎಂದಿಟ್ಟುಕೊಂಡರೂ 50,000. ಬಡವನಿಗೆ ಅದು ಸಣ್ಣ ಮೊತ್ತವೇ? ಯೇಸುಸ್ವಾಮಿ ನಿಮ್ಮ ನಷ್ಟವನ್ನು ಸಣ್ಣದೆಂದು ಹೇಳುತ್ತಿಲ್ಲ. "ಹೋಗಲಿ ಬಿಡು, ಏನೂ ಆಗಿಲ್ಲ" ಎಂದು ಬಾಯಲ್ಲಿ ಅಂದುಬಿಟ್ಟವರ ಕಹಿ ಒಳಗೇ ಉಳಿಯುವುದು ಇದಕ್ಕೇ: ಸಾಲ ಎಷ್ಟೆಂದು ನೋಡದೆ ಮನ್ನಾ ಮಾಡಿದ್ದಾರೆ.

ಅಣ್ಣ ಏನು ತೆಗೆದುಕೊಂಡ, ಯಾರ ಮುಂದೆ ಏನು ಅಂದ, ಎಲ್ಲ ಬರೆಯಿರಿ. ದೇವರ ಮುಂದೆ ಓದಿ, ಒಂದೊಂದನ್ನೇ ಹೆಸರಿಸಿ "ಇದರ ಸೇಡನ್ನು ನಾನು ತೀರಿಸುವುದಿಲ್ಲ" ಎನ್ನಿ. ಹಾಳೆಯನ್ನು ಸುಟ್ಟುಹಾಕಿ. ಮರುದಿನ ಸಿಟ್ಟು ಮತ್ತೆ ಬರುತ್ತದೆ, ಬಂದೇ ಬರುತ್ತದೆ. ಕ್ಷಮೆ ಸುಳ್ಳಾಯಿತೆಂದು ತಿಳಿಯಬೇಡಿ, ಅದೇ ಮಾತನ್ನು ಮತ್ತೆ ಹೇಳಿ. ನೆಂಟರ ಮುಂದೆ ಆ ಕಥೆ ಹೇಳುವುದನ್ನು ನಿಲ್ಲಿಸಿ. ಗಾಯ ಹಸಿಯಾಗಿಯೇ ಉಳಿಯುವುದು ಹೆಚ್ಚಾಗಿ ಅಲ್ಲಿಂದ.

ಕ್ಷಮಿಸಿದರೆ ಪಾಲು ಕೇಳಬಾರದೇ? ಕೇಳಬಹುದು. ಅಣ್ಣನೂ ವಿಶ್ವಾಸಿಯಾದರೆ ಮತ್ತಾಯ 18:15-17ರ ಕ್ರಮ ಹಿಡಿಯಿರಿ: ಮೊದಲು ನೀವಿಬ್ಬರೇ, ಆಮೇಲೆ ಒಬ್ಬಿಬ್ಬರು ಸಾಕ್ಷಿಗಳು, ಕೊನೆಗೆ ಸಭೆ. ವಿಶ್ವಾಸಿಗಳು ಕೋರ್ಟಿಗೆ ಹೋಗುವ ಮೊದಲು ಸಭೆಯ ಬುದ್ಧಿವಂತರ ಬಳಿ ಪಂಚಾಯಿತಿ ಮಾಡಲಿ ಎಂಬುದು ಪೌಲನ ಬಯಕೆ (1 ಕೊರಿಂಥ 6). ಮತ್ತೆ ನಂಬುವುದು ಬೇರೆ ಮಾತು. ಅದಕ್ಕೆ ಅಣ್ಣನ ಕಡೆಯಿಂದಲೂ ಬದಲಾವಣೆ ಬೇಕು. ಹೊಡೆತ ಬಡಿತ ಇರುವ ಮನೆಗೆ ಕ್ಷಮೆಯ ಹೆಸರಲ್ಲಿ ಯಾರನ್ನೂ ವಾಪಸ್ ಕಳಿಸಬಾರದು.

ದೇವಶಾಸ್ತ್ರ ಕಲಿಸುವವರ ಉತ್ತರ:
ಪೂರ್ವಿಕರ ಶಾಪದ ಬಗ್ಗೆ. ತಂದೆಗಳ ಪಾಪದ ಫಲ ಮೂರು ನಾಲ್ಕು ತಲೆಗಳವರೆಗೆ ಎಂಬ ವಿಮೋಚನಕಾಂಡ 20:5ರ ಮಾತನ್ನು ತೋರಿಸುತ್ತಾರೆ, ಮುಂದಿನ ವಚನದ ಸಾವಿರ ತಲೆಗಳ ಪ್ರೀತಿಯನ್ನು ಓದುವುದಿಲ್ಲ. ಯೆಹೆಜ್ಕೇಲ 18:20, ಯೋಹಾನ 9:3, ಗಲಾತ್ಯ 3:13 ಒಟ್ಟಿಗೆ ಓದಿ: ತಂದೆಯ ದೋಷಫಲವನ್ನು ಮಗ ಹೊರುವುದಿಲ್ಲ, ಕ್ರಿಸ್ತನು ನಮ್ಮನ್ನು ಶಾಪದಿಂದ ಬಿಡಿಸಿದ್ದಾನೆ. ಕುಡಿತದಂಥ ಚಾಳಿ ಮನೆತನದಲ್ಲಿ ಹರಿದುಬರುವುದು ನಿಜ. ಅದಕ್ಕೆ ಡಾಕ್ಟರೂ ಬೇಕು, ಜೊತೆಗೆ ನಿಲ್ಲುವ ಸಭೆಯೂ ಬೇಕು. ಬಿಡುಗಡೆಗೆ ಕಾಣಿಕೆ ಇಷ್ಟೆಂದು ಹೇಳುವವರು, ಔಷಧಿ ನಿಲ್ಲಿಸು ಎನ್ನುವವರು ಸಿಕ್ಕಿದರೆ ಎದ್ದು ಬನ್ನಿ.

ಮತ್ತೊಬ್ಬರ ಉತ್ತರ:
ಒಣ ಪ್ರಾರ್ಥನೆಗೆ 1 ಅರಸು 19 ನೋಡಿ. ಸಾಯಬೇಕೆಂದ ಪ್ರವಾದಿ ಎಲೀಯನಿಗೆ ದೇವದೂತ ಬೋಧನೆ ಮಾಡಲಿಲ್ಲ. ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ. ನಿದ್ದೆ ಸರಿಯಿಲ್ಲದಿದ್ದರೆ ಮೊದಲು ಅದು. ಸುಸ್ತು ಬಿಡದಿದ್ದರೆ ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ವರ್ಷಕ್ಕೆ ಬೈಬಲಿನ 1,189 ಅಧ್ಯಾಯ ಮುಗಿಸುವ ಪಟ್ಟಿ ಹಿಡಿದವರು ಯಾಜಕಕಾಂಡದಲ್ಲಿ ಹಿಂದೆ ಬಿದ್ದು ಕೈಬಿಡುತ್ತಾರೆ. ಸದ್ಯಕ್ಕೆ ಮಾರ್ಕನ 16 ಅಧ್ಯಾಯ ಸಾಕು, ದಿನಕ್ಕೆ ಅರ್ಧ ಅಧ್ಯಾಯ, ಗಟ್ಟಿಯಾಗಿ ಓದಿ. ಸ್ವಂತ ಮಾತು ಬಾರದ ದಿನ ಕೀರ್ತನೆ 13 ಅಥವಾ 88. ಕತ್ತಲೆಯಲ್ಲೇ ಮುಗಿಯುವ 88ನ್ನೂ ದೇವರು ತನ್ನ ಪುಸ್ತಕದಲ್ಲಿ ಇಟ್ಟಿದ್ದಾನೆ. ಇಗ್ನೇಷಿಯಸ್‌ರದೇ ಇನ್ನೊಂದು ನಿಯಮ: ಒಣಗಿದ ಕಾಲದಲ್ಲಿ, ಹಿಂದೆ ಒಳ್ಳೆಯ ಮನಸ್ಸಿನಲ್ಲಿದ್ದಾಗ ತೆಗೆದುಕೊಂಡ ನಿರ್ಧಾರ ಬದಲಿಸಬೇಡಿ. ಸಭೆ ಬಿಡುವುದು, ಸೇವೆ ಬಿಡುವುದು ಈಗ ಬೇಡ.

ಗುಟ್ಟಾಗಿ ಕಾಡುವ ಚಟವೇನಾದರೂ ಇದ್ದರೆ ಯಾಕೋಬ 5:16ರಂತೆ ಒಬ್ಬ ಹಿರಿಯ ಸಹೋದರಿಗೆ ಹೇಳಿ, ವಾರಕ್ಕೊಂದು ದಿನ ಗೊತ್ತುಮಾಡಿಕೊಳ್ಳಿ. ಪ್ರಾರ್ಥನಾ ಕೂಟದಲ್ಲಿ ಎಲ್ಲರ ಮುಂದೆ ಬೇಡ. "ಪ್ರಾರ್ಥನೆಯ ವಿಷಯ" ಎಂಬ ಹೆಸರಲ್ಲೇ ಅದು ಮನೆಮನೆ ಸುತ್ತುತ್ತದೆ. ಉಪವಾಸ ಒಳ್ಳೆಯದೇ, ಒಂದು ಹೊತ್ತಿನಿಂದ ಶುರುಮಾಡಿ, ನೀರು ಕುಡಿಯಿರಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಊಟ ಬಿಡಬೇಡಿ. ಅಂಥವರು ಊಟದ ಬದಲು ಸಂಜೆಯ ಮೊಬೈಲ್ ಬಿಟ್ಟು ಉಪವಾಸ ಮಾಡಬಹುದು.