ಮೊಟ್ಟೆಗಾಗಿ ಮೊದಲ ಬಾರಿ ಕೋಳಿ ಸಾಕಣೆ: ಯಾವ ತಳಿ ಸೂಕ್ತ?

ತೆಂಗಿನತೋಟ:
ಎಲ್ಲರಿಗೂ ನಮಸ್ಕಾರ. ತಿಪಟೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಒಂದೂವರೆ ಎಕರೆ ತೆಂಗಿನ ತೋಟದ ನಡುವೆ ನಮ್ಮ ಮನೆ ಇದೆ. ಮನೆಯಲ್ಲಿರುವುದು ಐದು ಜನ. ದಿನಕ್ಕೆ ಐದು ಮೊಟ್ಟೆ ಸಿಕ್ಕರೆ ಸಾಕು, ಮಾರುವ ಉದ್ದೇಶವಿಲ್ಲ. ಅತ್ತೆಯವರು ನಾಟಿ ಕೋಳಿಯೇ ಆಗಬೇಕೆನ್ನುತ್ತಾರೆ, ಪಕ್ಕದ ತೋಟದವರು ಗಿರಿರಾಜ ತನ್ನಿ ಎನ್ನುತ್ತಾರೆ, ಮೇವಿನ ಅಂಗಡಿಯವರು ವರ್ಷಕ್ಕೆ 300 ಮೊಟ್ಟೆ ಇಡುವ ಕಂದು ಕೋಳಿಯನ್ನು ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಹಗಲಿನಲ್ಲಿ ಕೋಳಿಗಳನ್ನು ತೋಟದಲ್ಲಿ ಮೇಯಲು ಬಿಡಬೇಕೆಂಬ ಆಸೆ ನನ್ನದು, ಆದರೆ ಇಲ್ಲಿ ಮುಂಗುಸಿಯ ಕಾಟವಿದೆ. ಕೋಳಿ ಸಾಕಿದ ಅನುಭವ ನನಗೆ ಸ್ವಲ್ಪವೂ ಇಲ್ಲ. ದಯವಿಟ್ಟು ಮಾರ್ಗದರ್ಶನ ಮಾಡಿ.

ಬಯಲುಸೀಮೆ ರೈತ:
ಮೇಡಂ ಅವರೇ, ತಳಿಯ ಹೆಸರಿಗಿಂತ ಮೊದಲು ಲೆಕ್ಕ ಹಾಕಿಕೊಳ್ಳಿ. ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ, ಮರಿ ಮಾಡಿ ಸಾಕುತ್ತದೆ, ಮತ್ತೆ ಮೊಟ್ಟೆಗೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಹಾಗಾಗಿ ವರ್ಷಕ್ಕೆ ಅರವತ್ತೆಪ್ಪತ್ತು ಮೊಟ್ಟೆಯೇ ದೊಡ್ಡದು. ದಿನಕ್ಕೆ ಐದು ಮೊಟ್ಟೆ ಬೇಕಾದರೆ ಇಪ್ಪತ್ತೈದಕ್ಕೂ ಹೆಚ್ಚು ನಾಟಿ ಹೇಂಟೆಗಳು ಬೇಕು. ಸ್ವರ್ಣಧಾರ ತಳಿಯು ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ ಸುಮಾರು 180 ಮೊಟ್ಟೆ ಕೊಡುತ್ತದೆ, ಹತ್ತು ಹೇಂಟೆ ಸಾಕಾಗುತ್ತವೆ. ಅಂಗಡಿಯವರು ಹೇಳುವ ಕಂದು ಕೋಳಿಯಾದರೆ ಆರೇಳು ಸಾಕು.

ತಮ್ಮ ಸನ್ನಿವೇಶಕ್ಕೆ ನಾನು ಸ್ವರ್ಣಧಾರವನ್ನೇ ಸೂಚಿಸುತ್ತೇನೆ. ಗಿರಿರಾಜ ಮತ್ತು ಸ್ವರ್ಣಧಾರ ಎರಡೂ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ತಳಿಗಳು. ಗಿರಿರಾಜದ ಮೈತೂಕ ಹೆಚ್ಚು, ಅದು ಮಾಂಸಕ್ಕೂ ಮೊಟ್ಟೆಗೂ ಆಗುವ ಕೋಳಿ. ಕೈಬಿಚ್ಚಿ ಮೇವು ಹಾಕಿದರೆ ಬೊಜ್ಜು ಬೆಳೆದು ಮೊಟ್ಟೆ ಇಳಿಯುತ್ತದೆ, ಮುಂಗುಸಿ ಬಂದಾಗ ಓಡಿ ಪಾರಾಗುವುದೂ ಅದಕ್ಕೆ ಕಷ್ಟ. ಸ್ವರ್ಣಧಾರ ಅದಕ್ಕಿಂತ ಹಗುರ. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ಗ್ರಾಮಪ್ರಿಯ ಸಿಕ್ಕರೆ ಅದನ್ನೂ ಧೈರ್ಯವಾಗಿ ತರಬಹುದು, ಏಕೆಂದರೆ ಹಿತ್ತಲಿನಲ್ಲಿ ಮೊಟ್ಟೆಗಾಗಿಯೇ ಸಾಕಲೆಂದು ರೂಪಿಸಿದ ತಳಿ ಅದು. ಅದೇ ಸಂಸ್ಥೆಯ ವನರಾಜ ಮಾತ್ರ ಗಿರಿರಾಜದಂತೆ ಮಾಂಸದ ಕಡೆಗೆ ವಾಲಿದ್ದು.

ಒಂದು ಎಚ್ಚರಿಕೆ: ಈ ಮರಿಗಳು ಸಾಮಾನ್ಯವಾಗಿ ಗಂಡು ಹೆಣ್ಣು ಬೆರೆತೇ ಬರುತ್ತವೆ. ಹತ್ತು ಹೇಂಟೆ ಬೇಕಾದರೆ ಇಪ್ಪತ್ತೈದು ಮರಿ ತರಬೇಕು. ಮೊಟ್ಟೆ ಇಡಲು ಹುಂಜ ಬೇಕಾಗಿಯೇ ಇಲ್ಲ.

ನಿವೃತ್ತ ಪಶುವೈದ್ಯ:
ಮೇಲಿನ ಸಲಹೆಯನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಕಂದು ಲೇಯರ್ ಕೋಳಿಯನ್ನು ಏಕೆ ಬಿಡಬೇಕೆಂಬುದನ್ನು ಬಿಡಿಸಿ ಹೇಳುವುದು ಒಳ್ಳೆಯದು. ಆ 300 ಮೊಟ್ಟೆ ಸುಳ್ಳಲ್ಲ. ಅದಕ್ಕೆ ದಿನಕ್ಕೆ 110 ಗ್ರಾಮಿನಷ್ಟು ಸಮತೋಲನದ ಲೇಯರ್ ಮೇವು, ಮೇವಿನಲ್ಲಿ ಶೇ. 3.5ರಷ್ಟು ಕ್ಯಾಲ್ಸಿಯಂ, ಹಗಲಿನ ಬೆಳಕಿಗೆ ದೀಪವನ್ನೂ ಸೇರಿಸಿ ಹದಿನಾರು ಗಂಟೆ ಬೆಳಕು, ಇವೆಲ್ಲವನ್ನೂ ಒಂದು ದಿನವೂ ತಪ್ಪಿಸದೆ ಕೊಡಬೇಕು. ತೋಟದಲ್ಲಿ ಹುಳುಹುಪ್ಪಟೆ, ಸೊಪ್ಪು ಹೆಕ್ಕಿ ತಿಂದು ಸಂಜೆ ಒಂದು ಹಿಡಿ ರಾಗಿ ಸಿಕ್ಕರೆ ನಾಟಿ ಕೋಳಿ ಬದುಕುತ್ತದೆ, ಲೇಯರ್ ಸೊರಗುತ್ತದೆ, ಏಕೆಂದರೆ ಮೇವು ಸಾಲದೆ ಹೋದರೂ ಅದು ಕೆಲಕಾಲ ತನ್ನ ಮೂಳೆಯ ಸುಣ್ಣವನ್ನೇ ಕರಗಿಸಿ ಚಿಪ್ಪು ಕಟ್ಟುತ್ತಿರುತ್ತದೆ. ಕಾಲು ನಿಲ್ಲದೆ ಕುಸಿದ ಅಂಥ ಕೋಳಿಗಳನ್ನು ಎತ್ತಿಕೊಂಡು ಬಂದವರನ್ನು ನೋಡಿದಾಗಲೆಲ್ಲ, ಕೊಳ್ಳುವ ಮೊದಲೇ ಇದನ್ನು ಯಾರಾದರೂ ಅವರಿಗೆ ಹೇಳಬಾರದಿತ್ತೇ ಎಂದು ನನಗೆ ನೋವಾಗುತ್ತಿತ್ತು. ಗೂಡಿನಲ್ಲೇ ಇಟ್ಟು ಮೇವನ್ನೆಲ್ಲ ಕೊಂಡು ಹಾಕುವಿರಾದರೆ ಮಾತ್ರ ಲೇಯರ್ ತನ್ನಿ.

ತಳಿ ಯಾವುದೇ ಇರಲಿ, ಲಸಿಕೆಯ ವಿಷಯದಲ್ಲಿ ರಾಜಿ ಬೇಡ. ಕೊಕ್ಕರೆ ರೋಗಕ್ಕೆ ಮೊದಲ ವಾರದಲ್ಲಿ ಲಸೋಟ ಎಂಬ ಲಸಿಕೆ, ಎರಡನೆಯ ವಾರದಲ್ಲಿ ಗಂಬೋರೊ ರೋಗದ ಲಸಿಕೆ, ನಾಲ್ಕನೆಯ ವಾರದಲ್ಲಿ ಮತ್ತೆ ಲಸೋಟ, ಆರೇಳನೆಯ ವಾರದಲ್ಲಿ ಸಿಡುಬಿನ ಲಸಿಕೆ, ಎಂಟರಿಂದ ಹತ್ತು ವಾರದೊಳಗೆ ಮತ್ತೆ ಕೊಕ್ಕರೆ ರೋಗಕ್ಕೇ ಆರ್2ಬಿ ಎಂಬ ಚುಚ್ಚುಮದ್ದು. ಲಸಿಕೆಯ ಸೀಸೆ ನೂರಾರು ಕೋಳಿಗಳಿಗೆ ಆಗುವಷ್ಟಿರುತ್ತದೆ ಮತ್ತು ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಆದ್ದರಿಂದ ಪಕ್ಕದ ತೋಟದವರೊಂದಿಗೆ ಮಾತಾಡಿಕೊಂಡು ಒಂದೇ ದಿನ ಹಾಕಿಸಿ.

ಮಲೆನಾಡಿನ ಮನೆ:
ತಮ್ಮ ಅತ್ತೆಯವರ ಮಾತಿನಲ್ಲೂ ಹುರುಳಿದೆ. ನಾನು ನಾಲ್ಕು ವರ್ಷಗಳಿಂದ ಸ್ವರ್ಣಧಾರ ಸಾಕುತ್ತಿದ್ದೇನೆ. ಅವು ಕಾವಿಗೆ ಕೂರುವುದು ಅಪರೂಪ. ಎರಡು ನಾಟಿ ಹೇಂಟೆಗಳನ್ನೂ ಒಂದು ಹುಂಜವನ್ನೂ ಜೊತೆಗಿಟ್ಟುಕೊಂಡರೆ ಕಾವಿನ ಪೆಟ್ಟಿಗೆಯ ಗೋಜಿಲ್ಲದೆ ಮನೆಯಲ್ಲೇ ಮರಿ ಮಾಡಿಸಬಹುದು. ಆದರೆ ಸ್ವರ್ಣಧಾರದ ಮೊಟ್ಟೆಯಿಂದಲೇ ಮರಿ ಮಾಡಿಸಿದರೆ ತಾಯಿಯಷ್ಟು ಮೊಟ್ಟೆಯನ್ನು ಮಕ್ಕಳು ಇಡುವುದಿಲ್ಲ. ಅದು ಬೇರೆ ಬೇರೆ ವಂಶಸಾಲುಗಳನ್ನು ಕೂಡಿಸಿ ಮಾಡಿದ ಕೋಳಿ, ಮುಂದಿನ ಪೀಳಿಗೆಯಲ್ಲಿ ಆ ಗುಣ ಚದುರಿಹೋಗುತ್ತದೆ. ಹೊಸ ಮರಿಗಳನ್ನು ಮರಿ ಉತ್ಪಾದನಾ ಕೇಂದ್ರದಿಂದಲೇ ತರಬೇಕು. ಒಂದು ದಿನದ ಮರಿ ತಂದರೆ ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಬೇಕು, ಆಮೇಲೆ ವಾರಕ್ಕೆ ಐದು ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಮರಿಗಳು ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಗುಂಪುಗೂಡಿದರೆ ಚಳಿಯೆಂದೂ, ಬಲ್ಬಿನಿಂದ ದೂರ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆಯೆಂದೂ ತಿಳಿಯಿರಿ. ನನ್ನ ಮೊದಲ ತಂಡದ ಒಂಬತ್ತು ಮರಿಗಳು ಒಂದೇ ರಾತ್ರಿ ಸತ್ತದ್ದು ಕರೆಂಟು ಹೋದಾಗ ನಾನು ನಿದ್ರೆಯಲ್ಲಿದ್ದುದರಿಂದ. ಇಂದಿಗೂ ಅದನ್ನು ಮರೆಯಲಾಗಿಲ್ಲ. ಸಾಧ್ಯವಾದರೆ ತಾವು ಮೊದಲ ಸಲ ಐದಾರು ವಾರ ಬೆಳೆಸಿ, ಲಸಿಕೆ ಹಾಕಿಸಿದ ಮರಿಗಳನ್ನೇ ಕೊಳ್ಳಿ. ಆಗ ಹುಂಜ ಯಾವುದು, ಹೇಂಟೆ ಯಾವುದು ಎಂದು ಜುಟ್ಟು ನೋಡಿಯೇ ಬಹುಮಟ್ಟಿಗೆ ಗುರುತಿಸಬಹುದು.

ತೆಂಗಿನತೋಟ:
ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಆರು ವಾರದ ಹತ್ತು ಸ್ವರ್ಣಧಾರ ಹೇಂಟೆಗಳನ್ನು ತಂದು, ಅತ್ತೆಯವರ ಇಷ್ಟದಂತೆ ಎರಡು ನಾಟಿ ಹೇಂಟೆಗಳನ್ನೂ ಸೇರಿಸುವುದೆಂದು ನಿಶ್ಚಯಿಸಿದ್ದೇವೆ. ಗೂಡು ಎಷ್ಟು ದೊಡ್ಡದಿರಬೇಕು? ಎರಡನ್ನೂ ಒಟ್ಟಿಗೆ ಬಿಡಬಹುದೇ?

ನಿವೃತ್ತ ಪಶುವೈದ್ಯ:
ಕೋಳಿಗೆ ಎರಡು ಚದರ ಅಡಿಯಂತೆ ಇಪ್ಪತ್ತನಾಲ್ಕು ಚದರ ಅಡಿ ಸಾಕು, ಮೂವತ್ತು ಇದ್ದರೆ ಇನ್ನೂ ಉತ್ತಮ. ನೆಲಕ್ಕೆ ಭತ್ತದ ಹೊಟ್ಟು ಹರಡಿ, ವಾರಕ್ಕೆರಡು ಸಲ ಕೆದಕಿ, ಒದ್ದೆಯಾದ ಜಾಗದ ಹೊಟ್ಟನ್ನು ತಕ್ಷಣ ಬದಲಿಸಿ. ಒದ್ದೆ ಹೊಟ್ಟಿನಿಂದಲೇ ರಕ್ತಭೇದಿ ಹರಡುವುದು. ಮುಂಗುಸಿ ನೆಲ ಕೊರೆದು ಒಳಗೆ ಬಾರದಂತೆ ಜಾಲರಿಯನ್ನು ಒಂದಡಿ ಆಳಕ್ಕೆ ಹೂಳಿಸಿ. ನಾಟಿ ಹೇಂಟೆಗಳು ಹೊರಗಿನಿಂದ ಬರುವುದರಿಂದ ಅವನ್ನು ಎರಡು ಮೂರು ವಾರ ಪ್ರತ್ಯೇಕವಾಗಿಟ್ಟು, ಲಸಿಕೆ ಹಾಕಿಸಿದ ಮೇಲೆಯೇ ಒಟ್ಟಿಗೆ ಬಿಡಿ.